ಗಾಳಿಗೆ ಬದುಕುವ ಎಂಜಿನ್ನೂ ಗಾಳಿಗೆ ಅಂಜುವ ಅಕ್ಕನೂ

ನಮ್ಮ ವ್ಯಾನಿನ ಹಿಂಬಾಗಿಲ ಒಳಮೈಯಲ್ಲಿ ಒಂದು ಮೊಳೆಯಿದ್ದು, ಸದರಿ ಮೊಳೆಗೆ ಹಳೆಯ ನೂಲಿನ ಸೀರೆಯ ತುಂಡೊಂದನ್ನು ತೂಗುಹಾಕಲಾಗಿದೆ ಎಂಬ ಅಂಶವನ್ನು ಮೊಟ್ಟಮೊದಲಿಗೆ ಓದುಗ ಮಿತ್ರರ ಗಮನಕ್ಕೆ ತರಬಯಸುತ್ತೇನೆ. ಮೂಲತಃ ಹಸಿರು ಬಣ್ಣದ್ದಾಗಿದ್ದ, ಕೆಂಪು ಅಂಚಿನ ಈ ತುಂಡು ಈಗ ಎಂಜಿನ್ ಎಣ್ಣೆ, ರಸ್ತೆಯ ಧೂಳು ಹಾಗೂ ಸೊಂಟಕ್ಕೆ ಹಚ್ಚುವ ಮುಲಾಮು, ಈ ಮೂರರ ವಾಸನೆಯನ್ನೂ ಹೊಂದಿರುತ್ತದೆ. ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ಒರೆಸುವುದಕ್ಕೆ ಇದಕ್ಕಿಂತ ಮೆತ್ತನೆಯ ಬಟ್ಟೆ ನನಗೆ ದೊರೆತಿಲ್ಲ. ಆದಾಗ್ಯೂ ಅದನ್ನು ಕೈಗೆತ್ತಿಕೊಂಡಾಗಲೆಲ್ಲ ಒರೆಸುವ ಕಾರ್ಯ ಮರೆತು ಕೊಂಚ ಹೊತ್ತು ಸುಮ್ಮನೆ ನಿಲ್ಲುತ್ತೇನೆ. ಸೇವಾವಧಿಯುದ್ದಕ್ಕೂ ಇತರರ ಸಹಿಗಾಗಿ ಪತ್ರಗಳನ್ನು ಸಿದ್ಧಪಡಿಸಿದವನು ನಾನು. ಸ್ವಂತಕ್ಕೆಂದು ಇಷ್ಟು ಉದ್ದ ಬರೆಯುತ್ತಿರುವುದು ಇದೇ ಪ್ರಥಮವಾದ್ದರಿಂದ, ನಿರೂಪಣೆಯಲ್ಲಿ ಲೋಪಗಳು ಕಂಡುಬಂದಲ್ಲಿ ಸ್ನೇಹಪೂರ್ವಕವಾಗಿ ಮನ್ನಿಸಬೇಕಾಗಿ ಕೋರುತ್ತೇನೆ.

ವ್ಯಾನಿನ ಪೂರ್ವವೃತ್ತಾಂತ ಹೀಗಿದೆ. ಮಲಗಲು ಹಾಸಿಗೆ, ಅಡುಗೆಗೆ ಒಲೆ, ಪಾತ್ರೆಗಳಿಗೆ ಗೂಡು, ಇಷ್ಟನ್ನೂ ಹೊಟ್ಟೆಯೊಳಗಿಟ್ಟುಕೊಂಡ ಈ ಪರದೇಶದ ಮುದಿ ವಾಹನವು ಹಿರಿಯೂರಿನ ಬಳಿಯ ಬಬ್ಬೂರಿನಲ್ಲಿ, ನನ್ನ ಸ್ನೇಹಿತರೊಬ್ಬರ ಹುಣಸೆಮರದಡಿ, ಕೋಳಿಗಳ ವಸತಿಗೃಹವಾಗಿ ಬಹುಕಾಲ ಸೇವೆ ಸಲ್ಲಿಸುತ್ತಿತ್ತು. ನಿವೃತ್ತಿಯಾದ ಮೇಲೆ ಊರೂರು ಸುತ್ತಬೇಕೆಂಬ ಹಂಬಲವನ್ನು ಮೇಜಿನ ಕೆಳಗಣ ಖಾನೆಯಲ್ಲಿಟ್ಟಂತೆ ಮನಸ್ಸಿನಲ್ಲಿಟ್ಟುಕೊಂಡಿದ್ದ ನಾನು, ಕೋಳಿಗಳನ್ನು ಬೇರೆಡೆಗೆ ವರ್ಗಾವಣೆ ಮಾಡಿಸಿ, ವ್ಯಾನನ್ನು ಚಿತ್ರದುರ್ಗಕ್ಕೆ ಬರಮಾಡಿಕೊಂಡೆ. ಮೊದಮೊದಲು ಕೆಲವು ಗರಿಗಳು ಸೀಟಿನ ಸಂದಿಯಿಂದ ಹೊರಬಂದು ಹಳೆಯ ನಿವಾಸಿಗಳನ್ನು ನೆನಪಿಸುತ್ತಿದ್ದವು.

ಈ ಎಂಜಿನ್ನಿನ ವಿಶೇಷವೆಂದರೆ ಅದಕ್ಕೆ ನೀರು ಬೇಡ. ಇತರ ವಾಹನಗಳ ಎಂಜಿನ್ನುಗಳು ನೀರಿನಿಂದ ತಣಿದರೆ, ಇದು ಗಾಳಿಯಿಂದ ತಣಿಯುತ್ತದೆ. ವ್ಯಾನಿನ ಹಿಂಭಾಗದ ಎರಡೂ ಪಕ್ಕೆಗಳಲ್ಲಿ ಮೀನಿನ ಕಿವಿರುಗಳನ್ನು ಹೋಲುವ ಸೀಳುಗಳಿದ್ದು, ಅವುಗಳ ಮೂಲಕ ಒಳಬಂದ ಗಾಳಿಯನ್ನು ಫ್ಯಾನೊಂದು ಹಾಸಿಗೆಯ ಕೆಳಗಡೆ ಕುಳಿತಿರುವ ಎಂಜಿನ್ನಿನ ಮೈಮೇಲೆ ಬೀಸುತ್ತದೆ. ನೀರಿನ ವಿಷಯದಲ್ಲಿ ನಮ್ಮ ಜಿಲ್ಲೆಯ ಪರಿಸ್ಥಿತಿ ತಮಗೆ ತಿಳಿಯದ್ದೇನಲ್ಲ. ಗಾಳಿಯ ವಿಷಯದಲ್ಲಾದರೋ ಗುಡ್ಡಗುಡ್ಡದ ನೆತ್ತಿಯ ಮೇಲೂ ಗಾಳಿಯಂತ್ರಗಳು ತೋಳು ತಿರುಗಿಸುತ್ತ ನಿಂತಿರುವಷ್ಟು ಸಮೃದ್ಧಿ. ಆದುದರಿಂದ ಈ ಎಂಜಿನ್ನು ನಮ್ಮ ನೆಲಕ್ಕೆಂದೇ ಹುಟ್ಟಿದೆಯೆಂದು ನಾನು ತೀರ್ಮಾನಿಸಿದೆ. ನೆಲದ ಜನ ಮಾತ್ರ ಒಪ್ಪಲಿಲ್ಲ. ವ್ಯಾನು ರಸ್ತೆಯ ಬದಿಗೆ ನಿಂತದ್ದೇ ತಡ, ಯಾರಾದರೊಬ್ಬರು ಬಿಂದಿಗೆ ಹಿಡಿದು ಬಂದೇ ಬರುತ್ತಾರೆ. ನೀರಿಗೆ ಬಡತನವಿರುವ ಸೀಮೆಯಲ್ಲಿ ನೀರು ಕೊಡಲು ಬಂದವರನ್ನು ಬೇಡವೆಂದು ಹಿಂದಿರುಗಿಸುವುದು ಎಷ್ಟು ಮುಜುಗರದ ಕಾರ್ಯವೆಂಬುದನ್ನು ಅನುಭವಿಸಿದವರೇ ಬಲ್ಲರು. ಒಮ್ಮೆ ಹಿರೇಗುಂಟನೂರಿನ ಹಿರಿಯರೊಬ್ಬರು ವ್ಯಾನನ್ನು ಹಿಂದೆಮುಂದೆ ಪರಿಶೀಲಿಸಿ, "ಒಂದು ಹನಿ ನೀರು ಕುಡಿಸ್ದೆ ದುಡಿಸ್ಕಂತೀರಲ್ರಿ, ಪಾಪ ತಟ್ಟಲ್ವಾ?" ಎಂದು ಕೇಳಿದರು.

ವಯಸ್ಸಾದ ಎಂಜಿನ್ನಿನ ಪಾಲನೆಯು ವಯಸ್ಸಾದ ಬಂಧುಗಳ ಪಾಲನೆಯಂತೆ. ಕಾಯಿಲೆಗಿಂತ ಕಾಯಿಲೆಯ ಬಗೆಗಿನ ಅನುಮಾನವೇ ಹೆಚ್ಚು ಹೊತ್ತು ತಿನ್ನುತ್ತದೆ. ವಾಲ್ವುಗಳ ಬಳಿ ತೆಳು ತಗಡೊಂದು ಆಡುವಷ್ಟು ಮಾತ್ರ ಸಂದು ಇರಬೇಕು, ಅದನ್ನು ಎಂಜಿನ್ನು ಪೂರ್ತಿ ತಣ್ಣಗಿರುವ ಮುಂಜಾನೆಯಲ್ಲೇ ಸರಿಪಡಿಸಬೇಕು. ಎಣ್ಣೆ ಕಪ್ಪಾಗಿ ಗಟ್ಟಿಯಾಗುವ ಮುನ್ನವೇ ಬದಲಿಸಬೇಕು. ಫ್ಯಾನಿನ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಅದು ಹೊಸ ಬೀಗರ ಮಾತಿನಂತೆ ತೀರ ಬಿಗಿಯೂ ಅಲ್ಲದೆ ತೀರ ಸಲುಗೆಯೂ ಅಲ್ಲದೆ ಇರಬೇಕು. ಇವೆಲ್ಲವುಗಳಲ್ಲಿ ನನಗೆ ನೆರವಾಗುವವರು ಹೊಳಲ್ಕೆರೆ ರಸ್ತೆಯ ಮೆಕ್ಯಾನಿಕ್ ದಾದಾಪೀರ್. ಅವರ ತಾತ ಜಟಕಾಗಾಡಿಗಳ ಚಕ್ರ ಕಟ್ಟುತ್ತಿದ್ದರಂತೆ. ಯಾವ ದೋಷವನ್ನು ಮುಂದಿಟ್ಟರೂ ದಾದಾಪೀರ್ ತತ್‌ಕ್ಷಣವೇ ಒಂದು ಕಾರಣ ನೀಡುತ್ತಾರೆ; ಅದು ತಪ್ಪೆಂದು ಕಂಡುಬಂದಲ್ಲಿ ಕಿಂಚಿತ್ತೂ ಎದೆಗುಂದದೆ ಇನ್ನೊಂದನ್ನು ನೀಡುತ್ತಾರೆ. ಎಂಜಿನ್ನು ಮಿತಿಮೀರಿ ಕಾದರೆ ತಿಳಿಯಲೆಂದು ನನ್ನ ಕಣ್ಣೆದುರಿಗೆ ಒಂದು ಕೆಂಪು ದೀಪವನ್ನು ಅಳವಡಿಸಿಕೊಟ್ಟವರೂ ಅವರೇ.

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ. ನನ್ನೊಡನೆ ವಾಸವಾಗಿರುವ ಅಕ್ಕ ತಿಪ್ಪಮ್ಮ ನಮ್ಮ ಮನೆತನದಲ್ಲಿ ಒಂದು ಹುದ್ದೆಯನ್ನು ಹೊಂದಿದ್ದಾಳೆ. ನಾಮಕರಣದ ದಿನ ಕೂಸಿನ ಕಿವಿಯಲ್ಲಿ ಹೆಸರನ್ನು ಮೊದಲು ಉಸುರುವುದು ಅವಳ ಅಧಿಕಾರ. ಲಂಗ ತೊಟ್ಟ ಹುಡುಗಿಯಾಗಿದ್ದಾಗ ನನ್ನ ಕಿವಿಯಲ್ಲಿ ಉಸುರಿದ್ದು ಮೊದಲ್ಗೊಂಡು ಈ ಅಧಿಕಾರ ಅಬಾಧಿತವಾಗಿ ನಡೆದುಬಂದಿತ್ತು. ಆದರೆ ಕೆಲವು ವರ್ಷಗಳಿಂದೀಚೆಗೆ ಅವಳ ಸೊಂಟ ಹಿಡಿದುಕೊಂಡು, ನಿಲ್ಲಬಹುದು, ನಾಲ್ಕು ಹೆಜ್ಜೆ ನಡೆಯಬಹುದು, ಮಲಗಬಹುದು, ಬಸ್ಸಿನಲ್ಲಾಗಲೀ ಕಾರಿನಲ್ಲಾಗಲೀ ಕುಳಿತು ಹೋಗುವುದು ಮಾತ್ರ ಸಾಧ್ಯವಿಲ್ಲ ಎಂಬ ಸ್ಥಿತಿ ಉಂಟಾಯಿತು. ಪರಿಣಾಮವಾಗಿ, ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಲ್ಲಿರುವ ನಮ್ಮ ತಮ್ಮ ಓಂಕಾರಪ್ಪನ ಮೊದಲ ಮೊಮ್ಮಗನಿಗೆ ಮೊಬೈಲಿನ ಮೂಲಕ ಹೆಸರಿಡಬೇಕಾಯಿತು. ಫೋನನ್ನು ಕಿವಿಗಿಟ್ಟೊಡನೆ ಆ ಮಗು ಬೆಚ್ಚಿ ಅತ್ತಿತು. ಅಕ್ಕನ ಮಟ್ಟಿಗೆ ಆ ನಾಮಕರಣ ಅಸಿಂಧು. ಶಾಲೆಗೆ ಸೇರಿಸುವ ವಯಸ್ಸಾಗುತ್ತ ಬಂದಿದ್ದರೂ ಅವಳು ಅವನನ್ನು "ಆ ಕೂಸು" ಎಂದೇ ಕರೆಯುತ್ತಾಳೆ.

ಆದುದರಿಂದ ಓಂಕಾರಪ್ಪನಿಗೆ ಎರಡನೆಯ ಮೊಮ್ಮಗು ಹೆಣ್ಣಾಯಿತೆಂಬ ಸುದ್ದಿ ಬಂದಾಗ, ಅಕ್ಕ ಎದ್ದು ಹೊರಗೆ ಬಂದು ವ್ಯಾನಿನ ಹಾಸಿಗೆಯನ್ನು ಕೈಯಿಂದ ಒತ್ತಿ ನೋಡಿದಳು. "ಇದ್ರಾಗೆ ಮಲಿಕ್ಕಂಡು ಹೋಗಾಣ ಕಣೋ ತಮ್ಮ. ಈ ಸಲ ತಪ್ಪಿದ್ರೆ ಇನ್ನು ನನ್ನ ಯಾರೂ ಕಾಯಂಗಿಲ್ಲ" ಎಂದಳು. ಮಾತಿನ ಕೊನೆಯ ಭಾಗವನ್ನು ಅವಳು ಹಾಸಿಗೆಗೆ ಹೇಳಿದಂತೆ ಮೆಲ್ಲಗೆ ಹೇಳಿದಳು. ಆದರೆ ನನಗೆ ಕೇಳಿಸಿತು.

ಅಭ್ಯಾಸಕ್ಕೆಂದು ಅವಳನ್ನು ಮಲಗಿಸಿಕೊಂಡು ಊರ ಸುತ್ತ ಓಡಾಡಲಾರಂಭಿಸಿದೆ. ಇಲ್ಲಿಯೇ ಸಮಸ್ಯೆ ಉದ್ಭವಿಸಿದ್ದು. ನಾನೊಬ್ಬನೇ ಹೋದರೆ ಹಿರೇಗುಂಟನೂರಿಗೆ ಹೋಗಿ ಬಂದರೂ ಎಂಜಿನ್ನು ಶಾಂತವಾಗಿರುತ್ತಿತ್ತು. ಅಕ್ಕನಿದ್ದರೆ ಊರಿನ ಎಲ್ಲೆ ದಾಟುವ ಮೊದಲೇ ಕೆಂಪು ದೀಪ ಕಣ್ಣು ಬಿಡುತ್ತಿತ್ತು. ದಾದಾಪೀರ್ ಎಣ್ಣೆ ಬದಲಿಸಿದರು, ಬೆಲ್ಟು ಬದಲಿಸಿದರು, ಕೊನೆಗೆ ಅಕ್ಕ ಮನೆಯೊಳಗಿರುವುದನ್ನು ಖಚಿತಪಡಿಸಿಕೊಂಡು ದನಿ ತಗ್ಗಿಸಿದರು: "ಸಾರ್, ತಪ್ಪು ತಿಳ್ಕಬ್ಯಾಡ್ರಿ. ಅಕ್ಕಾರು ಕರೆಕ್ಟಾಗಿ ಎಂಜಿನ್ ಮ್ಯಾಲೇ ಮಲಗ್ತಾರೆ. ತೂಕ ಐತಲ್ಲ, ಅದ್ಕೆ ದಮ್ ಕಟ್ತೈತೆ."

ಒಳಗಿನಿಂದ ಉತ್ತರ ಬಂತು. "ಏನಪ್ಪ ದಾದಾಪೀರ, ನೀನು ಬಂದಾಗೆಲ್ಲ ರೊಟ್ಟಿ ತಿಂತೀಯಲ್ಲ, ಅದ್ರ ತೂಕ ಎಲ್ಲೋಗ್ತೈತೆ?"

"ಅದು ನಡೆದ್ರೆ ಕರಗೋಗ್ತೈತೆ ಅಕ್ಕಾ" ಎಂದು ದಾದಾಪೀರ್ ವಿನಯಪೂರ್ವಕವಾಗಿ ನಿವೇದಿಸಿಕೊಂಡು, ಅಂದು ರೊಟ್ಟಿಗೆ ನಿಲ್ಲದೆ ಹೊರಟುಹೋದರು.

ನಾಮಕರಣದ ದಿನ ಬೆಳಿಗ್ಗೆ ಹೊರಟೆವು. ಮಧ್ಯಾಹ್ನದೊಳಗೆ ತೊಟ್ಟಿಲಿಗೆ ಹಾಕಬೇಕಿತ್ತು. ಅಕ್ಕ ತನ್ನ ಅತಿ ಹಳೆಯ, ಅತಿ ಮೆತ್ತನೆಯ ಹಸಿರು ಸೀರೆಯನ್ನು ಎರಡಾಗಿ ಹರಿದು, ಒಂದರ್ಧವನ್ನು ಒಗೆದು ಮಡಚಿ, ಕೂಸಿನ ತೊಟ್ಟಿಲಿಗೆ ಹಾಸಲೆಂದು ಗಂಟಿನಲ್ಲಿ ಕಟ್ಟಿಕೊಂಡಿದ್ದಳು. ಹತ್ತುವ ಮುನ್ನ ಎಂದಿನಂತೆ, ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ವ್ಯಾನಿನ ಮೈಮೇಲೆ ಇಟ್ಟು ಒಂದು ಸುತ್ತು ಬಂದಳು. ಪ್ರತಿ ಪ್ರಯಾಣಕ್ಕೂ ಮುನ್ನ ಅವಳು ಹೀಗೆ ಪ್ರದಕ್ಷಿಣೆ ಹಾಕುವುದನ್ನು ಮುಂದಿನ ಸೀಟಿನಲ್ಲಿ ಕುಳಿತು ಕನ್ನಡಿಯಲ್ಲಿ ಕಂಡು, ವಾಹನದ ಬಗ್ಗೆ ಅವಳಿಗಿರುವ ಭಕ್ತಿಗೆ ನಾನು ಮನದಲ್ಲೇ ಕೈಮುಗಿಯುತ್ತಿದ್ದೆ. ಅವಳ ಕಂಕುಳಲ್ಲಿ ಮುದ್ದೆ ತಿರುವುವ ಕೋಲು ಇರುತ್ತಿದ್ದುದನ್ನೂ ಗಮನಿಸಿದ್ದೆ. ವ್ಯಾನಿನಲ್ಲಿ ಅಡುಗೆಮನೆ ಇದೆಯಷ್ಟೆ, ಅದಕ್ಕಿರಬಹುದೆಂದು ಭಾವಿಸಿದ್ದೆ.

ದೀಪ ಹತ್ತಿದಾಗಲೆಲ್ಲ ನಿಂತು, ಎಂಜಿನ್ನನ್ನು ತಣಿಸಿಕೊಂಡು ಸಾಗಿದೆವು. ಹೊಳಲ್ಕೆರೆ ದಾಟುವವರೆಗೆ ಹಿಂದಿನಿಂದ ಅಕ್ಕ ಮಗುವಿನ ಹೆಸರನ್ನು ಅಭ್ಯಾಸ ಮಾಡುವುದು ಕೇಳುತ್ತಿತ್ತು. ತಂದೆತಾಯಿ ಆರಿಸಿದ ಆ ಆಧುನಿಕ ಹೆಸರು ಅವಳ ನಾಲಗೆಗೆ ಹೊಸ ಹಲ್ಲಿನ ಸೆಟ್ಟಿನಂತೆ ಒಗ್ಗದೆ ಜಾರುತ್ತಿತ್ತು. ಹೊಸದುರ್ಗದ ದಾರಿಯಲ್ಲಿ ಒಂದು ಏರು ಸಿಕ್ಕಿತು. ಕೆಂಪು ದೀಪ ಮತ್ತೆ ಹತ್ತಿತು. ಏರಿನ ನಡುವೆಯೇ ಎಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿರಾಯಾಸವಾಗಿ ತಿರುಗುತ್ತಿದ್ದವು.

ಹಿಂಬಾಗಿಲು ತೆರೆದು ಎಂಜಿನ್ನಿನ ಮುಚ್ಚಳ ಎತ್ತಿದಾಗ ಬಂದ ಝಳಕ್ಕೆ ನಾನು ಹಿಂದೆ ಸರಿದೆ. ಪಕ್ಕದ ಹೊಲದಿಂದ ಒಬ್ಬ ಹೆಂಗಸು ಬಿಂದಿಗೆಯೊಡನೆ, ಅವಳ ಹಿಂದೆ ಒಬ್ಬ ಅಜ್ಜ ಬರಿಗೈಯಲ್ಲಿ ಬಂದರು. ಆಕೆ ನೇರವಾಗಿ ಎಂಜಿನ್ನಿನ ಮೇಲೆ ಬಿಂದಿಗೆ ಬಗ್ಗಿಸಲು ಹೋದಾಗ ನಾನು ಎರಡೂ ತೋಳು ಚಾಚಿ ಅಡ್ಡ ನಿಂತೆ.

"ಕಾದ ಕಬ್ಬಿಣ ಕಣವ್ವ, ನೀರು ಬಿದ್ರೆ ಸೀಳಿಬಿಡ್ತೈತೆ! ಇದಕ್ಕೆ ಗಾಳಿ ಬೇಕು, ಗಾಳಿ!"

"ಗಾಳಿ ಕುಡಿಯೋ ಗಾಡಿನಾ?" ಎಂದು ಆಕೆ ಬಿಂದಿಗೆಯನ್ನು ಸೊಂಟಕ್ಕೆ ಮರಳಿಸಿದಳು. ಅಜ್ಜ ಮಾತ್ರ ವ್ಯಾವಹಾರಿಕ ಮನುಷ್ಯ. "ಗಾಳೀನೇ ಬೇಕು ಅಂದ್ರೆ ಬೀಸಾಣ ಬಿಡ್ರಿ. ಅದ್ಕೇನು? ಒಂದು ಬಟ್ಟೆ ಕೊಡ್ರಿ" ಎಂದ.

ಆಗ ಒಳಗಿನಿಂದ ಅಕ್ಕನ ದನಿ ಅತ್ಯಂತ ಉದಾರವಾಗಿ ಹೊರಟಿತು. "ಬೀಸಾಕೆ ಬಟ್ಟೆ ಬೇಕಾ? ಹೊರಗೆ ಆ ಸೀಳಿನಾಗೆ ಐತೆ ನೋಡ್ರಪ್ಪ, ಎಳಕಳ್ರಿ. ಆ ಮಗ್ಗಲಿಗೂ ಒಂದು ತುಂಡೈತೆ."

ಅಜ್ಜ ಸೀಳಿನೊಳಗೆ ಬೆರಳು ತೂರಿಸಿ ಎಳೆದ. ಕೆಂಪು ಅಂಚು ಬಂತು, ಅದರ ಹಿಂದೆ ಹಸಿರು ಬಂತು, ಜಾದೂಗಾರನ ಬಾಯಿಂದ ಬರುವಂತೆ ಬರುತ್ತಲೇ ಹೋಯಿತು. ಇನ್ನೊಂದು ಮಗ್ಗುಲಿನಿಂದ ಅದೇ ಅರ್ಧ ಸೀರೆಯ ಉಳಿದ ತುಂಡು ಬಂತು. ನಾನು ರಸ್ತೆಯ ಮೇಲೆ ನಿಂತು ಆ ಸೀರೆಯನ್ನೂ ಆ ಸೀಳನ್ನೂ ಸರದಿಯಂತೆ ನೋಡಿದೆ.

"ಅಕ್ಕಾ, ಇದನ್ನ ಯಾವಾಗ ತುರುಕಿದೆ?"

"ಹೊರಡೋವಾಗ. ದಿನಾ ಹೊರಡೋವಾಗ್ಲೇ. ಅಲ್ಲಿಂದ ಗಾಳಿ ಬಂದು ಸೊಂಟಕ್ಕೆ ಹೊಡೀತಿತ್ತು ಕಣೋ. ಕೋಲಿನಾಗೆ ಒಳಕ್ಕೆ ತಳ್ಳಿದ ಮ್ಯಾಲೆ ನೋಡು, ಹಾಸಿಗೆ ಎಷ್ಟು ಬೆಚ್ಚಗಾತೈತೆ! ಕೂತು ಯಾರೋ ಶಾಖ ಕೊಟ್ಟಂಗೆ."

"ಮತ್ತೆ ದಾದಾಪೀರ್ ನೋಡ್ದಾಗ ಏನೂ ಇರ್ಲಿಲ್ವಲ್ಲ?"

"ಮನೆಗೆ ಬಂದ ತಕ್ಷಣ ತೆಕ್ಕಂತಿದ್ದೆ. ನೂಲಿನ ಸೀರೆ, ಅಲ್ಲೇ ಬಿಡಾಕೆ ಚಿಂದಿನಾ ಅದು?"

ಬೆನ್ನುನೋವಿಗೆ ಗಾಳಿ ಸೋಕಬಾರದೆಂಬುದು ನಮ್ಮ ಕಡೆ ಎಲ್ಲರೂ ಒಪ್ಪಿದ ಮಾತು. ಹೆತ್ತವಳಿಗೆ ಕಿವಿಗೆ ಹತ್ತಿ, ಮುದುಕರಿಗೆ ತಲೆಗೆ ಟವೆಲ್ಲು, ಕಿಟಕಿಯ ಬಿರುಕಿಗೆ ಕಾಗದದ ಉಂಡೆ. ಪ್ರೀತಿಪಾತ್ರರೆಂದರೆ ಮೊದಲು ಮುಚ್ಚಬೇಕು ಎಂಬುದು ನಮ್ಮ ಕಾಳಜಿಯ ಪ್ರಥಮ ಪಾಠ. ಅಕ್ಕನ ಮೇಲೆ ಕೋಪ ತರಿಸಿಕೊಳ್ಳಲು ಎಷ್ಟು ಪ್ರಯತ್ನಿಸಿದರೂ ಸೂಕ್ತ ಆಧಾರ ದೊರೆಯಲಿಲ್ಲ.

ಅಷ್ಟರಲ್ಲಿ ಓಂಕಾರಪ್ಪನ ಫೋನು ಬಂತು. "ಅಣ್ಣ, ಎಲ್ಲಿದೀರ? ಹೊತ್ತಾತು ಅಂತ ಸೊಸೆಯ ಚಿಕ್ಕಮ್ಮ ತಾನೇ ಹೆಸರು ಹೇಳ್ತೀನಿ ಅಂತ ತಯಾರಾಗಿ ಕುಂತೈತೆ."

ಅಕ್ಕ ಫೋನು ಕಿತ್ತುಕೊಂಡಳು. "ಲೇ ಓಂಕಾರ, ಆಕಿ ಬಾಯಿ ಕೂಸಿನ ಕಿವಿ ಹತ್ರ ಹೋಗ್ಲಿ, ನೋಡ್ಕಂತೀನಿ! ಬರ್ತಿದೀನಿ ಅಂತ ಹೇಳು." ಫೋನು ಹಿಂತಿರುಗಿಸಿದಳು. ಅಜ್ಜ ಅವಳ ಸೀರೆಯಿಂದಲೇ ಎಂಜಿನ್ನಿಗೆ ಬೀಸುತ್ತಿದ್ದ. ಬಿಂದಿಗೆಯ ನೀರನ್ನು ನಾವೆಲ್ಲರೂ ಕುಡಿದೆವು, ಹೀಗಾಗಿ ಆಕೆಯ ಶ್ರಮವೂ ವ್ಯರ್ಥವಾಗಲಿಲ್ಲ. ಎಂಜಿನ್ನು ತಣಿದ ಮೇಲೆ ನಾನು ಸೀರೆಯನ್ನು ಹಿಡಿದು ಅಕ್ಕನ ಮುಖ ನೋಡಿದೆ. ಸೀಳು ತೆರೆದಿದ್ದರೆ ಅವಳ ಸೊಂಟ ಉಳಿಯದು, ಮುಚ್ಚಿದರೆ ಎಂಜಿನ್ನು ಉಳಿಯದು.

"ಅದಕ್ಕೂ ಉಸಿರು ಬೇಕಲ್ಲೋ" ಎಂದಳು. "ತೆಗ್ದೇ ಇರ್ಲಿ. ನಡಿ."

ಮಾಡದಕೆರೆಯವರೆಗೆ ದೀಪ ಹತ್ತಲಿಲ್ಲ. ಹಿಂದಿನಿಂದ ಹೆಸರಿನ ಅಭ್ಯಾಸವೂ ಕೇಳಲಿಲ್ಲ. ಹಲ್ಲು ಕಚ್ಚಿಕೊಂಡವರು ಹೆಸರು ಹೇಳಲಾರರು.

ತಲುಪಿದಾಗ ಅಕ್ಕನಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಆದ್ದರಿಂದ ಕೂಸನ್ನೇ ವ್ಯಾನಿಗೆ ತರಲಾಯಿತು. ಅದರ ತಲೆಗೆ ಉಣ್ಣೆಯ ಕುಲಾವಿ, ಅದರ ಮೇಲೊಂದು ಟವೆಲ್ಲು, ಕೈಗೆ ಚೀಲ, ಕಾಲಿಗೆ ಚೀಲ, ಸುತ್ತಲೂ ದಪ್ಪನೆಯ ಶಾಲು. ಬಿಸಿಲು ನೆತ್ತಿಯ ಮೇಲಿತ್ತು. ಮುಖ ಕೆಂಪಗಾಗಿ, ಕೂಸು ಉಸಿರು ಹಿಡಿದು ಹಿಡಿದು ಚೀರುತ್ತಿತ್ತು. ಸೊಸೆಯ ಚಿಕ್ಕಮ್ಮ ಶಾಲನ್ನು ಇನ್ನೊಂದು ಸುತ್ತು ಬಿಗಿಯುತ್ತ, "ಮುಂಜಾನಿಂದ ಹಿಂಗೇ. ಎಲ್ಲೋ ಗಾಳಿ ಸೋಕೈತೆ" ಎಂದರು.

ಅಕ್ಕ ಕೂಸಿನ ಮುಖವನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಲೇ ತಮ್ಮ, ಇದಕ್ಕೂ ದೀಪ ಹತ್ತೈತೆ ನೋಡೋ!"

ಮಲಗಿದಲ್ಲಿಂದಲೇ ಕೈ ಚಾಚಿ ಶಾಲು ಸಡಿಲಿಸಿದಳು, ಟವೆಲ್ಲು ತೆಗೆದಳು, ಗದ್ದದ ಕೆಳಗಣ ಗಂಟು ಬಿಚ್ಚಿ ಕುಲಾವಿಯನ್ನು ಎಳೆದಳು. "ದೊಡ್ಡತ್ತೆ, ಗಾಳಿ!" ಎಂದು ಸೊಸೆ ಗಾಬರಿಯಾದಳು. "ಆಡ್ಲಿ ಬಿಡವ್ವ" ಎಂದಳು, ಜೀವಮಾನವಿಡೀ ಗಾಳಿಯ ವಿರುದ್ಧ ತಕರಾರು ಸಲ್ಲಿಸಿದ ನನ್ನ ಅಕ್ಕ. ಬೆವರಿನಿಂದ ಒದ್ದೆಯಾದ ಪುಟ್ಟ ಕಿವಿಯೊಂದು ಹೊರಗೆ ಕಂಡಿತು. ತೆರೆದ ಬಾಗಿಲಿನಿಂದ ಗಾಳಿ ಬಂತು. ಅಳು ಬಿಕ್ಕಿಗೆ ಇಳಿಯಿತು, ಬಿಕ್ಕು ನಿಂತಿತು. ಅಕ್ಕ ಬಾಯಿಯನ್ನು ಕಿವಿಯ ಹತ್ತಿರ ತಂದು ಉಸುರಿದಳು. ಹೆಸರನ್ನು ಸರಿಯಾಗಿ ಹೇಳಿದಳೋ ಇಲ್ಲವೋ ನಮಗೆ ಯಾರಿಗೂ ಕೇಳಿಸಲಿಲ್ಲ. ಕೂಸು ಮಾತ್ರ ಕೇಳಿಸಿಕೊಂಡು ಆಕಳಿಸಿತು. ಹೊರಡುವ ಮುನ್ನ ಅಕ್ಕ "ಆ ಕೂಸನ್ನೂ" ಹತ್ತಿರ ಕರೆಸಿಕೊಂಡು, ಬಾಕಿ ಉಳಿದಿದ್ದ ಅವನ ಹೆಸರನ್ನು ಕಿವಿಯಲ್ಲಿ ಹೇಳಿ ವಿಲೇವಾರಿ ಮಾಡಿದಳು.

ಪ್ರಸ್ತುತ ವ್ಯಾನಿನ ಒಲೆಯ ಮೇಲೆ ಉಪ್ಪಿನ ಗಂಟನ್ನು ಬಿಸಿ ಮಾಡಿ ಅಕ್ಕನ ಸೊಂಟಕ್ಕೆ ಶಾಖ ಕೊಡುವ ಬದಲಿ ವ್ಯವಸ್ಥೆಯನ್ನು ಕಲ್ಪಿಸಲಾಗಿದೆ. ದಾದಾಪೀರ್ ವಿಷಯವೆಲ್ಲ ಕೇಳಿ, "ನಾನು ಹೇಳ್ಲಿಲ್ವಾ ಸಾರ್, ದಮ್ ಕಟ್ಟೈತೆ ಅಂತ?" ಎಂದು ತಮ್ಮ ಕಾರಣವನ್ನು ಊರ್ಜಿತಗೊಳಿಸಿಕೊಂಡು, ಮತ್ತೆ ರೊಟ್ಟಿಗೆ ನಿಲ್ಲಲಾರಂಭಿಸಿದ್ದಾರೆ. ಹೊರಡುವ ಮುನ್ನ ಅಕ್ಕ ಈಗಲೂ ವ್ಯಾನಿಗೆ ಒಂದು ಸುತ್ತು ಬರುತ್ತಾಳೆ. ಸೀಳಿನ ಬಾಯಿಗೆ ಅಂಗೈ ಹಿಡಿದು, ಒಳಗೆ ಎಳೆಯುವ ಗಾಳಿ ತಾಗಿದ ಮೇಲೆಯೇ ಹತ್ತುತ್ತಾಳೆ.

ಸೀರೆಯ ಒಂದರ್ಧ ಮಾಡದಕೆರೆಯ ತೊಟ್ಟಿಲಿನಲ್ಲಿದೆ. ಇನ್ನೊಂದರ್ಧದ ಒಂದು ತುಂಡು ಈ ಮೊಳೆಯ ಮೇಲಿದೆ, ಹಿಂಬಾಗಿಲು ತೆರೆದಾಗ ಗಾಳಿಗೆ ಅಲುಗುತ್ತದೆ. ಎಣ್ಣೆಯ ಕಡ್ಡಿಯನ್ನು ಒರೆಸುವ ಮುನ್ನ ಸುಮ್ಮನೆ ನಿಲ್ಲುತ್ತೇನೆ ಎಂದೆನಲ್ಲ, ಆಗ ನಾನು ಮಾಡುವುದು ಇಷ್ಟೇ: ಅದು ಅಲುಗುವುದನ್ನು ನೋಡುತ್ತೇನೆ, ನನ್ನ ಅಂಗಿಯ ಮೇಲಿನ ಗುಂಡಿಯೊಂದನ್ನು ಬಿಚ್ಚಿಕೊಳ್ಳುತ್ತೇನೆ.