ಬೇಸ್ ಪೆಟ್ಟಿಗೆಯ ಕೆಳಗಿನ ಬೆಣೆ

ಹೋದ ಸೋಮವಾರ ಬೂದಿಕೋಟೆ ಕಡೆಯವನೊಬ್ಬ ನನ್ನ ಡಿಜೆ ಸೆಟ್ ನೋಡಲು ಅಂಗಡಿಗೆ ಬಂದಿದ್ದ. ಅವನಿಗೆ ತೋರಿಸೋಣವೆಂದು ಬೇಸ್ ಪೆಟ್ಟಿಗೆಯನ್ನು ಸ್ವಲ್ಪ ಮುಂದಕ್ಕೆ ಎಳೆದಾಗ ಅದರ ಕೆಳಗಿನಿಂದ ಒಂದು ಮರದ ಬೆಣೆ ಜಾರಿ ನನ್ನ ಕಾಲ ಬಳಿ ಬಿತ್ತು. ಗೇಣುದ್ದದ್ದು, ಒಂದು ತುದಿ ದಪ್ಪ, ಇನ್ನೊಂದು ತೆಳು. ಎತ್ತಿ ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷಗಳ ಧೂಳಿನ ಕೆಳಗೂ ಆ ವಾಸನೆ ಉಳಿದಿತ್ತು... ಒದ್ದೆ ಕಲ್ಲು, ಎಣ್ಣೆ, ಹಳೆಯ ನೀಲಗಿರಿ ಮರ. ಗಣಿಯೊಳಗೆ ಇಳಿದು ಬಂದ ಮರಕ್ಕೆ ಮಾತ್ರ ಇರುವ ವಾಸನೆ.

"ಏನ್ ಯಜಮಾನ, ಮರ ಮೂಸ್ತಾ ನಿಂತ್ಬುಟ್ಟೆ? ಪೆಟ್ಗೆ ತೋರ್ಸು," ಅಂದ ಅವನು.

ಅವನು ಕೇಳಿದ್ದು ಅದಲುಬದಲು. ನನ್ನ ಸೆಟ್ ಪೂರ್ತಿ ಅವನಿಗೆ: ಮಿಕ್ಸರ್, ಆಂಪ್ಲಿಫೈಯರ್‌ಗಳು, ಮೇಲಿನ ಸ್ಪೀಕರ್‌ಗಳು, ಎರಡು ಬೇಸ್ ಪೆಟ್ಟಿಗೆಗಳು. ಬದಲಿಗೆ ನನಗೆ ಬ್ಯಾಟರಿಯಲ್ಲಿ ನಡೆಯುವ, ಚಕ್ರವಿರುವ ಎರಡು ಪೋರ್ಟಬಲ್ ಸ್ಪೀಕರ್. ಒಬ್ಬನೇ ಎಳೆದುಕೊಂಡು ಹೋಗಬಹುದು, ಆಟೋದಲ್ಲಿ ಹಾಕಿಕೊಳ್ಳಬಹುದು. ನನಗೆ ಎಪ್ಪತ್ತರ ಹತ್ತಿರ, ಸೊಂಟ ಹೋಗಿದೆ. ಬೇಸ್ ಪೆಟ್ಟಿಗೆ ಎತ್ತಲು ನಾಲ್ಕು ಜನ ಬೇಕು. ಬಂಗಾರಪೇಟೆಯಲ್ಲಿ ಈಗ ನಾಮಕರಣಕ್ಕೂ ನಿಶ್ಚಿತಾರ್ಥಕ್ಕೂ ಜನ ಕೇಳುವುದು ಸಣ್ಣ ಸೆಟ್ಟನ್ನೇ. ಯೋಚಿಸುವುದಕ್ಕೆ ಏನೂ ಇರಲಿಲ್ಲ. ಆದರೂ ಭಾನುವಾರ ಹೇಳುತ್ತೇನೆಂದು ಅವನನ್ನು ಕಳಿಸಿದೆ. ಬೆಣೆ ಕೈಯಲ್ಲೇ ಇತ್ತು.

ಆ ಬೆಣೆಯನ್ನು ಕೆತ್ತಿದವರು ಮೈಕ್ ಮಾಮ. ಸಂಬಂಧದಲ್ಲಿ ನನಗೆ ಏನೂ ಆಗಬೇಕಿರಲಿಲ್ಲ. ಕೆಜಿಎಫ್‌ನ ನಂದಿದುರ್ಗ ಗಣಿಯ ಲೈನ್ ಮನೆಗಳಲ್ಲಿ ನಮ್ಮ ಸಾಲಿನವರೆಲ್ಲ ಅವರನ್ನು ಮಾಮ ಎಂದೇ ಕರೆಯುತ್ತಿದ್ದರು. ಗಣಿಯಲ್ಲಿ ಅವರದು ಮರದ ಕೆಲಸ. ಪಾತಾಳದಲ್ಲಿ ಬಂಡೆ ಕುಸಿಯದಂತೆ ಕಂಬ ಕೊಡುವುದು, ಕಂಬ ಅಲುಗದಂತೆ ಬೆಣೆ ಹೊಡೆಯುವುದು. ಶಿಫ್ಟ್ ಮುಗಿಸಿ ಬಂದು ಸ್ನಾನ ಮಾಡಿದರೆ ಮೈಕ್‌ಸೆಟ್ಟಿನ ಯಜಮಾನ. ಒಂದು ಆಂಪ್ಲಿಫೈಯರ್, ಎರಡು ಹಾರ್ನ್ ಸ್ಪೀಕರ್. ಎಸ್ಸೆಸ್ಸೆಲ್ಸಿ ಮುಗಿಸಿ ಖಾಲಿ ಕೂತಿದ್ದ ನನ್ನನ್ನು ಕರೆದು ವೈರ್ ಸುತ್ತುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವರು ಅವರು.

ಲೈನ್ ಮನೆಗಳೆಂದರೆ ಒಂದಕ್ಕೊಂದು ಅಂಟಿದ ಮನೆಗಳು, ಎರಡು ಸಂಸಾರಕ್ಕೆ ಒಂದೇ ಗೋಡೆ. ಮಾಮ ಹಾರ್ನ್ ಕಟ್ಟುವ ಮೊದಲು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಪ್ರತಿ ಮನೆಯ ಗೋಡೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳುತ್ತಿದ್ದರು. ಗಣಿಯೊಳಗೆ ಬಂಡೆಯನ್ನು ಹಾಗೆ ತಟ್ಟಿ ನೋಡುವ ಪದ್ಧತಿ. ಟೊಳ್ಳು ದನಿ ಬಂದರೆ ಅಲ್ಲಿ ನಿಲ್ಲಬಾರದು. ಮಾಮ ಅದನ್ನೇ ಮೇಲೂ ಮಾಡುತ್ತಿದ್ದರು. ತಟ್ಟಿದ ಮೇಲೆ ಬಾಗಿಲಲ್ಲಿ ನಿಂತು, "ಒಳಗೆ ಯಾರಾನಾ ಮಲ್ಗವ್ರೇನಮ್ಮಾ? ನೈಟ್ ಶಿಫ್ಟಾ?" ಎಂದು ಕೇಳುವರು. ಹೌದೆಂದರೆ ಹಾರ್ನನ್ನು ಆ ಕಡೆಯಿಂದ ತಿರುಗಿಸುವರು. ವೈರಿನ ಸುರುಳಿ ಹೊತ್ತು ಅವರ ಹಿಂದೆ ಹೋಗುವಾಗ ನನಗೆ ನಾಚಿಕೆಯಾಗುತ್ತಿತ್ತು.

ಇನ್ನೊಂದು ಮಾತನ್ನೂ ಅವರು ಮೊದಲ ದಿನವೇ ಹೇಳಿದ್ದರು. "ಮೈಕ್ ಇಡ್ಕೊಂಡು ಯಾರ್‍ನೂ ಆಡ್ಕೋಬೇಡ ಕಣ್ಲಾ. ಬಾಯಲ್ಲಂದ್ರೆ ಅವನೊಬ್ನೇ ಕೇಳ್ತಾನೆ. ಇದ್ರಾಗಂದ್ರೆ ಅವನ ಎಂಡ್ತಿ ಮಕ್ಳೂ ಕೇಳ್ತವೆ."

ಗಣಿಯ ಊರಿನವರಲ್ಲದವರಿಗೆ ಒಂದು ವಿಷಯ ಹೇಳಬೇಕು. ಆಳದಲ್ಲಿ ಬಂಡೆ ಸಿಡಿದರೆ ಮೇಲಿನ ಮನೆಗಳು ನಡುಗುತ್ತಿದ್ದವು, ಅಟ್ಟದ ಪಾತ್ರೆಗಳು ಉರುಳುತ್ತಿದ್ದವು. ಆಗ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಇದ್ದ ಬಟ್ಟೆಯಲ್ಲೇ ಎಲ್ಲರೂ ಗಣಿಗಿಳಿಯುವ ಶಾಫ್ಟಿನ ಗೇಟಿನ ಕಡೆ ಓಡುವುದು, ಕೆಳಗಿದ್ದವರು ಮೇಲೆ ಬರುತ್ತಾರೋ ಇಲ್ಲವೋ ಎಂದು ಅಲ್ಲಿ ನಿಲ್ಲುವುದು. ಮಾಮನ ತಮ್ಮ ಅಂಥ ಒಂದು ದಿನ ಮೇಲೆ ಬರಲಿಲ್ಲ.

ಗಣಿ ಮುಚ್ಚಿತು. ನಾನು ಅಷ್ಟರಲ್ಲಿ ಮಾಮನನ್ನು ಬಿಟ್ಟು ಬಂಗಾರಪೇಟೆಯಲ್ಲಿ ನನ್ನದೇ ಅಂಗಡಿ ಇಟ್ಟಿದ್ದೆ. ಅವರ ಗಿರಾಕಿಗಳನ್ನು ಒಬ್ಬೊಬ್ಬರಾಗಿ ನನ್ನ ಕಡೆ ಎಳೆದುಕೊಂಡೆ. ಅದನ್ನು ಅವರು ಒಮ್ಮೆಯೂ ಎತ್ತಿ ಆಡಲಿಲ್ಲ. ಮತ್ತೆ ಕೆಲವು ವರ್ಷಗಳಿಗೆ ಈ ಡಿಜೆ ಸೆಟ್ ತಂದೆ. ಸುತ್ತಲ ಊರುಗಳಲ್ಲಿ ಇಂಥದ್ದು ಯಾರ ಬಳಿಯೂ ಇರಲಿಲ್ಲ. ಮೊದಲ ಕಾರ್ಯಕ್ರಮ ಬಂದದ್ದು ಮಾಮನ ಸಾಲಿನಲ್ಲೇ, ಒಂದು ನಿಶ್ಚಿತಾರ್ಥಕ್ಕೆ.

ಹಿಂದಿನ ದಿನ ಪೆಟ್ಟಿಗೆಗಳನ್ನು ಇಳಿಸುವಾಗ ಮಾಮ ಬಂದರು. ಎದೆಯಲ್ಲಿ ಗಣಿಯ ಧೂಳು ಕೂತು ಉಸಿರಾಟ ಸಿಳ್ಳೆ ಹಾಕುತ್ತಿತ್ತು. ಪೆಟ್ಟಿಗೆಗಳ ಸುತ್ತ ಒಂದು ಸುತ್ತು ಬಂದು, ಹಾಕಿ ತೋರಿಸೆಂದರು. ಹಾಕಿದೆ. ಹೊಗಳುತ್ತಾರೆಂದು ಕಾದೆ.

"ಇದು ಹಾಡಲ್ಲ ಕಣ್ಲಾ, ಗುದ್ದು," ಅಂದರು. ನಂತರ ಪಕ್ಕದ ಗೋಡೆ ತಟ್ಟಿದರು. "ಈ ಸಾಲೆಲ್ಲ ಟೊಳ್ಳಾಗೋಗೈತೆ. ನಾಳೆ ಚಿಕ್ ಸೆಟ್ ತಗೊಂಡ್ ಬಾ. ಸಾಕು."

"ನಿನ್ ಹಾರ್ನ್ ಕಾಲ ಮುಗೀತು ಮಾಮ. ಹೊಟ್ಟೆ ಉರ್ಕೋಬೇಡ," ಅಂದೆ. ಕೆಲಸದವರು ನಕ್ಕರು. ಮಾಮ ಮನೆಗೆ ಹೋದರು. ಅಷ್ಟಕ್ಕೇ ಕೋಪ ಮಾಡಿಕೊಂಡರು ಅಂದುಕೊಂಡರೆ, ಈ ಬೆಣೆ ಹಿಡಿದು ತಿರುಗಿ ಬಂದರು. ಅಲ್ಲಿ ನೆಲ ಇಳಿಜಾರು. ಪೆಟ್ಟಿಗೆಯ ಕೆಳಗೆ ಬೆಣೆ ಕೊಟ್ಟು, ಅಲುಗಿಸಿ ನೋಡಿ ಹೋದರು.

ಮರುದಿನ ಮಧ್ಯಾಹ್ನ ಊಟದ ಹೊತ್ತು. ಮಾಮ ಮನೆಯಲ್ಲಿ ಮಲಗಿದ್ದಾರೆಂದು ನನಗೆ ಗೊತ್ತಿತ್ತು. ರಾತ್ರಿಯಿಡೀ ಕೆಮ್ಮಿ ಆಗಷ್ಟೇ ಕಣ್ಣು ಮುಚ್ಚಿದ್ದಾರೆಂದು ಅವರ ಹೆಂಡತಿ ಬಂದು ಹೇಳಿ ಹೋಗಿದ್ದರು. ಗೊತ್ತಿದ್ದೇ ನಾನು ಬೇಸಿನ ಗುಂಡಿಯನ್ನು ಪೂರ್ತಿ ತಿರುಗಿಸಿದೆ. ಈ ವಾಕ್ಯವನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಗೋಡೆಗಳು ಅದುರಿದವು. ಎಲ್ಲೋ ಪಾತ್ರೆ ಬಿದ್ದ ಸದ್ದು. ಮಾಮನ ಬಾಗಿಲು ದಡಾರನೆ ತೆರೆಯಿತು. ಬನಿಯನ್ನಿನಲ್ಲಿ, ಲುಂಗಿ ಎತ್ತಿ ಹಿಡಿದು, ಒಂದೇ ಕಾಲಿಗೆ ಚಪ್ಪಲಿ... ತಮ್ಮನ ಹೆಸರು ಕೂಗುತ್ತಾ ನಮ್ಮ ಮುಂದೆಯೇ ಓಡಿದರು. ಶಾಫ್ಟಿನ ಕಡೆಗೆ. ಎಂದೋ ಬೀಗ ಬಿದ್ದ ಗೇಟಿನ ಕಡೆಗೆ.

ಹಾಡು ನಿಲ್ಲಿಸಿ ನಾನು ಮೈಕ್ ಎತ್ತಿಕೊಂಡೆ.

"ಏಯ್ ಮಾಮ! ಗಣಿ ಮುಚ್ಚಿ ಎಷ್ಟ್ ವರ್ಷ ಆಯ್ತು, ಇನ್ನೂ ಯಾವ ಶಿಫ್ಟಿಗೆ ಓಡ್ತಾ ಇದ್ದೀಯಾ?"

ಎಲೆಯ ಮುಂದೆ ಕೂತವರೆಲ್ಲ ನಕ್ಕರು. ಗಣಿಯಲ್ಲಿ ದುಡಿದವರೂ ನಕ್ಕರು. ಮಾಮ ನಿಂತರು. ತಿರುಗಿ ನೋಡಿದರು. ಸದ್ದು ಎಲ್ಲಿಂದ ಬಂತೆಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಲುಂಗಿ ಇಳಿಬಿಟ್ಟು, ಏದುಸಿರು ಬಿಡುತ್ತಾ ನನ್ನ ಕಡೆ ನಡೆದು ಬಂದರು. ಹೊಡೆಯುತ್ತಾರೆಂದುಕೊಂಡೆ. ಅವರು ಪೆಟ್ಟಿಗೆಯ ಮುಂದೆ ಕೂತರು. ಅದುರಿದ ರಭಸಕ್ಕೆ ಬೆಣೆ ಅರ್ಧ ಹೊರಗೆ ಬಂದಿತ್ತು, ಪೆಟ್ಟಿಗೆ ಊಟದ ಸಾಲಿನ ಕಡೆ ವಾಲಿತ್ತು, ನಾನು ಗಮನಿಸಿರಲಿಲ್ಲ. ಒಂದು ಕಲ್ಲು ಹುಡುಕಿ ಬೆಣೆಯನ್ನು ಒಳಗೆ ಹೊಡೆದರು. ಮೂರು ಏಟು. ನನ್ನ ಮುಖ ನೋಡದೆ ಎದ್ದು ಹೋದರು. ಸೆಟ್ ಬಿಚ್ಚಿದಾಗ ಕೆಲಸದವರು ಆ ಬೆಣೆಯನ್ನೂ ಪೆಟ್ಟಿಗೆಯ ಜೊತೆ ಅಂಗಡಿಗೆ ತಂದರು.

ಅಷ್ಟಕ್ಕೆ ನಿಲ್ಲಿಸಲಿಲ್ಲ ನಾನು. ಮಾಮ ಓಡಿದ ಕಥೆಯನ್ನು ಹೋದಲ್ಲೆಲ್ಲ ಹೇಳಿದೆ. ಜನ ಕೇಳಿ ಕೇಳಿ ನನ್ನಿಂದ ಅದನ್ನು ಆಡಿ ತೋರಿಸಿಕೊಳ್ಳುತ್ತಿದ್ದರು. ಒಮ್ಮೆ ಬಂಗಾರಪೇಟೆ ಸ್ಟೇಷನ್ನಿನ ಟೀ ಅಂಗಡಿಯ ಮುಂದೆ ಪಂಚೆ ಎತ್ತಿಕೊಂಡು ಓಡಿ ತೋರಿಸುತ್ತಿದ್ದೆ. ನೋಡುತ್ತಿದ್ದವರು ಇದ್ದಕ್ಕಿದ್ದಂತೆ ನಗು ನಿಲ್ಲಿಸಿದರು. ಹಿಂದಿನ ಬೆಂಚಿನಲ್ಲಿ ಮಾಮ ಕೂತಿದ್ದರು. ತೊಡೆಯ ಮೇಲೆ ಎಕ್ಸ್‌ರೇ ಕವರು.

"ಅಂಗಲ್ಲ ಕಣ್ಲಾ," ಅಂದರು. "ನಂಗೆ ಎಡಗಾಲು ಎಳೀತಿತ್ತು."

ಕೆಜಿಎಫ್ ರೈಲು ಬಂತು, ಹತ್ತಿ ಹೋದರು. ಅದೇ ಅವರು ನನಗೆ ಆಡಿದ ಕೊನೆಯ ಮಾತು. ಆ ವರ್ಷವೇ ತೀರಿಕೊಂಡರು. ಸುದ್ದಿ ಬಂದ ದಿನ ನನಗೆ ಮದುವೆಯೊಂದರ ಕೆಲಸವಿತ್ತು. ಕೆಲಸವಿತ್ತು ಎನ್ನುವುದು ನೆಪ... ಅವರ ಹೆಂಡತಿಯ ಮುಖ ನೋಡುವ ಧೈರ್ಯ ಇರಲಿಲ್ಲ.

ಭಾನುವಾರ ಬೂದಿಕೋಟೆಯವನು ಟೆಂಪೋ ಸಮೇತ ಬಂದ. ಸೆಟ್ ಕೊಡುತ್ತೇನೆ, ಆದರೆ ಹಾಕುವ ಮೊದಲು ಅಕ್ಕಪಕ್ಕದ ಗೋಡೆ ತಟ್ಟಿ ನೋಡಬೇಕು, ಒಳಗೆ ಯಾರು ಮಲಗಿದ್ದಾರೆಂದು ಕೇಳಬೇಕು ಅಂದೆ. ಅವನು ಬಿದ್ದು ಬಿದ್ದು ನಕ್ಕ.

"ಗೋಡೆ ಅದುರ್ಲಿ ಅಂತಾನೇ ನನ್ನ ಕರೆಯೋದು ಯಜಮಾನ! ತಟ್ಕೊಂಡ್ ಕೂತ್ರೆ ಮದ್ವೆ ಮುಗ್ದೋಗಿರ್‍ತದೆ."

ಆ ನಗು ನನಗೆ ಗೊತ್ತಿತ್ತು. ಬೇಸ್ ಪೆಟ್ಟಿಗೆಗಳನ್ನು ಕೊಡುವುದಿಲ್ಲ ಅಂದೆ. ತಲೆ ಕೆಟ್ಟಿದೆ ಅಂದ, ಅವು ಇಲ್ಲದ ಸೆಟ್ ಯಾರಿಗೆ ಬೇಕು ಅಂದ. ಕೊನೆಗೆ ಎರಡು ಹೊಸ ಸ್ಪೀಕರ್‌ಗಳ ಬದಲು ತಾನು ಬಳಸಿ ಹಳೆಯದಾದ ಒಂದನ್ನು ಇಳಿಸಿ, ಉಳಿದದ್ದನ್ನೆಲ್ಲ ತುಂಬಿಕೊಂಡು ಹೋದ. ಬೇಸ್ ಪೆಟ್ಟಿಗೆಗಳು ಇನ್ನು ಯಾವ ಕೆಲಸಕ್ಕೂ ಇಲ್ಲ. ಅಂಗಡಿಯ ಅರ್ಧ ಜಾಗ ಅವೇ ತಿನ್ನುತ್ತವೆ. ಬೆಣೆಯನ್ನು ಮತ್ತೆ ಕೆಳಗೆ ಕೊಟ್ಟಿದ್ದೇನೆ. ಇದನ್ನು ಪ್ರಾಯಶ್ಚಿತ್ತವೆಂದು ಕರೆಯುವಷ್ಟು ಮೂರ್ಖ ನಾನಲ್ಲ. ಚಿಕ್ಕ ಸೆಟ್ ತಗೊಂಡು ಬಾ ಎಂದವರ ಸಾಲಿಗೆ ಆವತ್ತೇ ಚಿಕ್ಕ ಸೆಟ್ ಒಯ್ಯಬೇಕಿತ್ತು.

ಸಂಜೆ ಆ ಹಳೆಯ ಸ್ಪೀಕರ್ ಚಾಲೂ ಮಾಡಿ ಮೈಕ್ ಹಿಡಿದೆ. ಹೇಳಬೇಕಾದ್ದು ವಾರದಿಂದ ಬಾಯಲ್ಲಿತ್ತು. "ಮಾಮಾ," ಅಂದೆ. ದನಿ ಚೆನ್ನಾಗಿಯೇ ಬಂತು.

ಪಕ್ಕದ ಅಂಗಡಿಯ ಟೈಲರ್ ಮಿಷನ್ ನಿಲ್ಲಿಸಿ ತಲೆ ಹೊರಗೆ ಹಾಕಿದ. "ಯಾರ್‍ನ ಕೂಗ್ತಾ ಇದ್ದೀಯಾ ಯಜಮಾನ?"

"ಯಾರ್‍ನೂ ಇಲ್ಲಪ್ಪ," ಅಂದೆ. "ಟೆಸ್ಟಿಂಗು."