ಮುಚ್ಚಳ ಹಾಕುವ ಮೊದಲು

ಅಂಕಲ್ ಬಲಗೈಯ ಹೆಬ್ಬೆರಳು ಯಾವಾಗಲೂ ಮುಷ್ಟಿಯೊಳಗೆ ಮಡಚಿಕೊಂಡೇ ಇರುತ್ತಿತ್ತು. ಉಳಿದ ನಾಲ್ಕು ಬೆರಳು ಅದರ ಮೇಲೆ ಕಾವಲು ಕೂತಿರುತ್ತಿದ್ದವು. ಅಯ್ಯೋ ಪಾಪ, ಸೊಟ್ಟಗಾಗಿದೆಯೇನೋ ಎಂದು ನಾನು ಮೊದಮೊದಲು ಮರುಗಿದ್ದೆ. ಆಮೇಲೆ ಒಂದು ದಿನ ಅವರು ಸ್ಪ್ಯಾನರ್ ಹಿಡಿದದ್ದನ್ನು ನೋಡಿದೆ. ಹೆಬ್ಬೆರಳಿಗೆ ಏನೂ ಆಗಿರಲಿಲ್ಲ. ಕೆಲಸವಿದ್ದಾಗ ಹೊರಗೆ ಬರುತ್ತಿತ್ತು, ಮುಗಿದೊಡನೆ ಒಳಗೆ ಹೋಗುತ್ತಿತ್ತು.

ಎಂಬತ್ತರ ದಶಕದ ಕೊನೆಯಲ್ಲಿ ನಾನೂ ನನ್ನ ಗಂಡನೂ ಸಿಡ್ನಿಗೆ ಬಂದಾಗ ಲಿವರ್‌ಪೂಲ್ ಎಂಬ ಅಲ್ಲಿನ ಬಡಾವಣೆಯಲ್ಲಿ ಅವರ ಮಗಳ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆವು. ಮಗಳು ನರ್ಸ್. ಮಂಗಳೂರಿನ ಕಡೆಯವರು, ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕನ್ನಡ. ಎಲ್ಲರ ಹಾಗೆ ನಾನೂ ಅವರನ್ನು ಅಂಕಲ್ ಎಂದೆ. ನಾನು ಮೈಸೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವಳು, ಫಸ್ಟ್ ಕ್ಲಾಸ್, ಜಂಬಕ್ಕೇನೂ ಕಡಿಮೆ ಇರಲಿಲ್ಲ. ಇಲ್ಲಿ ಇಂಟರ್‌ವ್ಯೂಗೆ ಹೋದಲ್ಲೆಲ್ಲ "ಲೋಕಲ್ ಎಕ್ಸ್‌ಪೀರಿಯೆನ್ಸ್ ಇದೆಯಾ?" ಎಂದು ಕೇಳಿ ಬಾಗಿಲು ತೋರಿಸುತ್ತಿದ್ದರು. ಕೊನೆಗೆ ಲಿಫ್ಟ್ ರಿಪೇರಿ ಮಾಡುವ ಒಂದು ಕಂಪನಿಯವರು, ಕೈಕೆಲಸದ ಪರೀಕ್ಷೆ ಪಾಸಾದರೆ ನೋಡೋಣ ಎಂದರು. ಬಟ್ಟೆ ಒಣಹಾಕುತ್ತ ಅಳುತ್ತಿದ್ದ ನನ್ನನ್ನು ಅಂಕಲ್ ನೋಡಿದರು.

"ಎಂತ ಮಾರಾಯ್ತಿ, ಇಂಜಿನಿಯರ್ ಅಂತೆ ನೀನು! ನಟ್ಟು ಯಾವ ಬದಿಗೆ ತಿರುಗ್ತದೆ ಅಂತ ಗೊತ್ತುಂಟಾ? ಬಾ ಇಲ್ಲಿ."

ಅವರ ಗ್ಯಾರೇಜಿನಲ್ಲಿ ಆರು ತಿಂಗಳು ನಾನು ಮತ್ತೆ ಒಂದನೇ ಕ್ಲಾಸಿಗೆ ಸೇರಿದೆ. ಅಂಕಲ್ ಬಾಯಿ ಮಾತ್ರ ಬಹಳ ಕೆಟ್ಟದ್ದು. ಕಬ್ಬಿಣ ಉಜ್ಜುವ ಫೈಲನ್ನು ನಾನು ಹಿಡಿದರೆ "ತೆಂಗಿನಕಾಯಿ ತುರೀತಿದ್ದೀಯಾ?" ಎನ್ನುವರು. ಸುತ್ತಿಗೆ ಹಿಡಿದರೆ ದೇವರ ಹೆಸರು ಹೇಳಿ ಎರಡು ಹೆಜ್ಜೆ ಹಿಂದೆ ಸರಿಯುವರು. ಎಲ್ಲಕ್ಕಿಂತ ವಿಚಿತ್ರವಾದದ್ದು ಅವರ ಬೈರಾಸು. ಕೆಂಪು ಚೌಕುಳಿಯ ಆ ಹಳೆಯ ಟವೆಲನ್ನು ಕೆಲಸದ ಪಕ್ಕದಲ್ಲಿ ನೆಲಕ್ಕೆ ಹಾಸುತ್ತಿದ್ದರು. ಯಾವ ಯಂತ್ರವನ್ನೇ ಬಿಚ್ಚಲಿ, ಮುಚ್ಚಳ ಹಾಕುವ ಮೊದಲು ಅದರ ಮೇಲೆ ಬಗ್ಗಿ ಜೇಬು ಮಗುಚಬೇಕು. ಮಿಕ್ಸಿ ರಿಪೇರಿಯಾದರೂ ಸರಿಯೇ. ಮರೆತು ಮುಚ್ಚಿಬಿಟ್ಟರೆ, "ಆಯ್ತು" ಎಂದು ಬಾಯಿ ಬಿಡುವ ಮೊದಲಾದರೂ ಮಗುಚಲೇಬೇಕು. ಮರೆತರೆ ಅವರು ಬೈರಾಸಿನ ಮೇಲೆ ಬೆರಳಿನಿಂದ ಬಡಿಯುವರು. "ಪಾಕೆಟ್!" ಅಷ್ಟೇ. ನನ್ನ ಜೇಬಿನಿಂದ ಬಸ್ ಟಿಕೆಟ್ಟು, ಹೇರ್‌ಪಿನ್ನು, ಏಲಕ್ಕಿ ಉದುರುತ್ತಿದ್ದವು. "ಏಲಕ್ಕಿ ಯಾವ ಲಿಫ್ಟಿನದ್ದು?" ಎಂದು ಗಂಭೀರವಾಗಿ ಕೇಳುವರು.

ಪರೀಕ್ಷೆ ಪಾಸಾದೆ, ಕೆಲಸ ಸಿಕ್ಕಿತು. ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಗೆ ಹೋಗಿ ಮೈಸೂರು ಪಾಕು ತಂದು ಕೊಟ್ಟು, ಖುಷಿಯಲ್ಲಿ ಅವರ ಮುಂದೆ ಹೆಬ್ಬೆರಳು ಎತ್ತಿ ತೋರಿಸಿದೆ. ಅಂಕಲ್ ಮುಖ ಸುಣ್ಣವಾಯಿತು. "ಅದನ್ನು ಇಳಿಸು. ನನ್ನೆದುರು ಅದನ್ನು ತೋರಿಸ್ಬೇಡ."

ಕತೆ ಹೊರಗೆ ಬಂದದ್ದು ಅವತ್ತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಇಂಡಿಯನ್ ಆರ್ಮಿಯ ಫಿಟ್ಟರ್. ಈಜಿಪ್ಟಿನ ಮರಳಿನಲ್ಲಿ ಬ್ರಿಟಿಷರ ಟ್ಯಾಂಕುಗಳನ್ನು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿದ್ದರು. ಮಟಿಲ್ಡಾ ಎಂಬ ಟ್ಯಾಂಕು. "ಹೆಸರು ನಮ್ಮ ಚರ್ಚಿನ ಹೆಂಗಸಿನ ಹಾಗೆ, ಮೈ ಆನೆಯದ್ದು," ಎನ್ನುತ್ತಿದ್ದರು. ಅದರ ಡ್ರೈವರ್ ಎಡಕ್ಕೂ ಬಲಕ್ಕೂ ತಿರುಗಿಸಲು ಎಳೆಯುವ ಸರಳುಗಳಿಗೆ ಒಂದೊಂದು ಕೀಲು ಇರುತ್ತದೆ. ಕೀಲು ಜಾರದ ಹಾಗೆ ಹೇರ್‌ಪಿನ್ನಿನಂಥ ಸಣ್ಣ ತಂತಿಯನ್ನು ತೂರಿಸಿ ಎರಡು ತುದಿಯನ್ನೂ ಬಗ್ಗಿಸುತ್ತಾರೆ. ಅದೇ ಸ್ಪ್ಲಿಟ್ ಪಿನ್. ಅದರ ಮೇಲೆ ಕಬ್ಬಿಣದ ಮುಚ್ಚಳ, ನಾಲ್ಕು ಬೋಲ್ಟು.

ಆ ದಿನ ಅಂಕಲ್ ಐದು ಟ್ಯಾಂಕಿನ ಕೆಲಸ ಮಾಡಿದ್ದರು. ಕೊನೆಯದರ ಡ್ರೈವರ್ ಇಪ್ಪತ್ತು ವರ್ಷದ ಕೆಂಚುಗೂದಲಿನ ಬಿಳಿಯ ಹುಡುಗ. ಬೇರೆ ಸಿಪಾಯಿಗಳು ಇವರನ್ನು ಕಣ್ಣೆತ್ತಿಯೂ ನೋಡದಿದ್ದಾಗ ಅವನು ತನ್ನ ಮಗ್ಗಿನಲ್ಲೇ ಚಹಾ ಕೊಡುತ್ತಿದ್ದ. ಹೊರಡುವಾಗ ಕಿಂಡಿಯಿಂದ ತಲೆ ಹಾಕಿ ಕೇಳಿದ, "ಎಲ್ಲಾ ಸರಿ ಇದೆಯಾ?" ಅಂಕಲ್ ಹೆಬ್ಬೆರಳು ಎತ್ತಿದರು.

ಸಂಜೆ ಅಂಗಿ ಬಿಚ್ಚುವಾಗ ಜೇಬಿನಲ್ಲಿ ಒಂದು ಪಿನ್ನು ಸಿಕ್ಕಿತು. ಮರುದಿನ ಸುದ್ದಿ ಬಂತು. ಇಳಿಜಾರಿನ ತಿರುವಿನಲ್ಲಿ ಆ ಹುಡುಗನ ಟ್ಯಾಂಕು ತಿರುಗಲಿಲ್ಲವಂತೆ, ನೇರ ಕಮರಿಗೆ ಹೋಯಿತಂತೆ. ಹುಡುಗ ಸತ್ತ. ಯುದ್ಧ ಮುಂದಕ್ಕೆ ಸರಿಯಿತು, ಆ ಟ್ಯಾಂಕನ್ನು ಯಾರೂ ಎತ್ತಲೂ ಇಲ್ಲ, ನೋಡಲೂ ಇಲ್ಲ.

"ಆ ಪಿನ್ನು ಐದರಲ್ಲಿ ಯಾವುದರದ್ದು? ಅಥವಾ ಹೆಚ್ಚಿಗೆ ತಂದದ್ದಾ? ಒಂದು ನೆನಪು ಉಂಟು ನನಗೆ. ಪಿನ್ನು ಹಾಕದಿದ್ರೆ ಕೀಲು ಮೇಲೆ ಏಳ್ತದೆ, ಮುಚ್ಚಳಕ್ಕೆ ತಾಗ್ತದೆ, ಮುಚ್ಚಳ ಕೂರುವುದೇ ಇಲ್ಲ. ನಾನು ಮುಚ್ಚಳ ಹಾಕಿದ್ದು ಗ್ಯಾರಂಟಿ. ಹಾಗಾದ್ರೆ ಪಿನ್ನೂ ಹಾಕಿದ್ದೇನೆ. ಆದ್ರೆ ಅದು ನೆನಪಾ, ಆಸೆಯಾ? ಐವತ್ತು ವರ್ಷದಿಂದ ಇದೇ ಮಾರಾಯ್ತಿ."

ಅವರು ಪ್ರತಿ ಭಾನುವಾರ ಚರ್ಚಿಗೆ ಹೋಗುತ್ತಿದ್ದರು, ಆದರೆ ಹಿಂದಿನ ಬೆಂಚಿನಿಂದ ಎದ್ದು ಪ್ರಸಾದಕ್ಕೆ ಹೋಗುತ್ತಿರಲಿಲ್ಲ. ಮಾಡಿದ ಪಾಪವನ್ನು ಪಾದ್ರಿಗೆ ಹೇಳಿಕೊಳ್ಳದೆ ಅದನ್ನು ತೆಗೆದುಕೊಳ್ಳುವಂತಿಲ್ಲ. "ದೇವರಿಗೆ ಎಲ್ಲ ಗೊತ್ತು, ಹೇಳಿಬಿಡಿ ಅಂತಾರೆ ಫಾದರ್. ದೇವರಿಗೆ ಗೊತ್ತುಂಟು, ನನಗೆ ಗೊತ್ತಿಲ್ಲ ಅಲ್ವಾ? ಮಾಡದ್ದನ್ನು ಮಾಡಿದೆ ಅಂದ್ರೆ ಸುಳ್ಳು, ಮಾಡಿದ್ದನ್ನು ಇಲ್ಲ ಅಂದ್ರೂ ಸುಳ್ಳು. ಗೊತ್ತಾಗದೆ ಸಾಯ್ಲಿಕ್ಕೆ ನನಗೆ ಹೆದರಿಕೆ."

ಪಿನ್ನಿಲ್ಲದೆ ಆ ಮುಚ್ಚಳ ಕೂರುತ್ತದೆಯೇ ಇಲ್ಲವೇ? ಅವರಿಗೆ ಬೇಕಾಗಿದ್ದದ್ದು ಇಷ್ಟೇ. ಆಸ್ಟ್ರೇಲಿಯಾದವರೂ ಯುದ್ಧದಲ್ಲಿ ಮಟಿಲ್ಡಾ ಓಡಿಸಿದವರಾದ್ದರಿಂದ ಇಲ್ಲಿ ಕೆಲವು ಉಳಿದಿವೆ ಎಂದು ಅವರಿಗೆ ಗೊತ್ತಿತ್ತು. ಮಗಳು ಕರೆದೊಡನೆ ಈ ದೇಶಕ್ಕೆ ಬಂದದ್ದೇ ಅದಕ್ಕಾಗಿ ಎಂದರು. ಮಗಳಿಗೆ ಮಾತ್ರ ಹೇಳಬೇಡ ಎಂದರು.

ಮುಂದಿನ ನಾಲ್ಕೈದು ವರ್ಷ ರಜೆ ಸಿಕ್ಕಿದಾಗಲೆಲ್ಲ ನನ್ನ ಹಳೆಯ ಕಾರಿನಲ್ಲಿ ನಾವು ಟ್ಯಾಂಕು ನೋಡಲು ಹೊರಡುತ್ತಿದ್ದೆವು. ನನ್ನ ಗಂಡ, "ಬೇರೆಯವರು ಬೀಚಿಗೆ ಹೋಗ್ತಾರೆ, ನೀನು ಗುಜರಿಗೆ ಹೋಗ್ತೀಯ" ಎಂದು ರೇಗಿಸುತ್ತಿದ್ದ. ಸಿಡ್ನಿಯ ಹೊರವಲಯದ ಮ್ಯೂಸಿಯಮ್ಮಿನಲ್ಲಿ ಹಸಿರು ಬಣ್ಣ ಹೊಡೆದ ಒಂದು ಮಟಿಲ್ಡಾ ಇತ್ತು. ಮಕ್ಕಳು ಹತ್ತಿ ಬೀಳಬಾರದೆಂದು ಅದರ ಬಾಗಿಲನ್ನೆಲ್ಲ ವೆಲ್ಡಿಂಗ್ ಮಾಡಿ ಮುಚ್ಚಿಬಿಟ್ಟಿದ್ದರು. ಅಂಕಲ್ ಅದರ ಹೊಟ್ಟೆಗೆ ಕಿವಿಯಿಟ್ಟು ನಿಂತರು. ಇನ್ನೊಂದು, ಊರಾಚೆಯ ಪಾರ್ಕಿನಲ್ಲಿ ಕಟ್ಟೆಯ ಮೇಲೆ ಕೂತಿತ್ತು. ಸುತ್ತ ಹೂವಿನ ಗಿಡ, ಒಳಗೆ ಕಾಂಕ್ರೀಟು. ಮತ್ತೊಂದರ ಬಾಗಿಲು ತೆರೆದಿತ್ತು. ನಾನು ಕುಣಿಯುವುದೊಂದು ಬಾಕಿ. ಇಣುಕಿದರೆ ಒಳಗೆ ಖಾಲಿ. ಯುದ್ಧ ಮುಗಿದ ಮೇಲೆ ರೈತರು ಕೊಂಡು, ಒಳಗಿನದನ್ನೆಲ್ಲ ಕಿತ್ತು, ಕಾಡು ಸವರಲು ಬಳಸಿದ್ದರಂತೆ. ಹೊರಗಿನಿಂದ ಎಲ್ಲವೂ ಗಟ್ಟಿಮುಟ್ಟು, ನಮಗೆ ಬೇಕಾದ ಅಂಗೈಯಗಲ ಜಾಗ ಮಾತ್ರ ಎಲ್ಲೂ ಇಲ್ಲ. ನಾವು ಹಾಗೇ ವಾಪಸಾಗುತ್ತಿದ್ದೆವು.

ತೊಂಬತ್ತರ ದಶಕದ ನಡುವಿನಲ್ಲಿ ಅಂಕಲ್ ಹೃದಯ ಕೈಕೊಡತೊಡಗಿತು. ಆಪರೇಷನ್ನನ್ನು ಆ ದೇಹ ತಡೆದುಕೊಳ್ಳುವುದಿಲ್ಲ ಎಂದರು ಡಾಕ್ಟರು. ಅಂಥ ಹೊತ್ತಿನಲ್ಲಿ ಮೆಲ್ಬರ್ನಿನ ಕ್ರಾನ್‌ಬರ್ನ್ ಬಳಿ ಒಬ್ಬ ರೈತ ತನ್ನ ಶೆಡ್ಡಿನಲ್ಲಿ ಮಟಿಲ್ಡಾವನ್ನು ಒಳಗಿನ ಸಾಮಾನಿನ ಸಮೇತ ರಿಪೇರಿ ಮಾಡುತ್ತಿದ್ದಾನೆಂದು ಗೊತ್ತಾಯಿತು. ಫೋನ್ ಮಾಡಿದೆ. ಪುಣ್ಯಾತ್ಮ ಹಳೆಯ ಕೈಪಿಡಿಯನ್ನೇ ಓದಿ ಹೇಳಿದ: ಪಿನ್ನು ತಪ್ಪದೆ ಹಾಕತಕ್ಕದ್ದು.

"ಹಾಕ್ಬೇಕು ಅಂತ ಪುಸ್ತಕದಲ್ಲಿ ಉಂಟು. ಹಾಕದಿದ್ರೆ ಎಂತ ಆಗ್ತದೆ ಅಂತ ಪುಸ್ತಕ ಬರೆದವ ಬರೆಯುವುದಿಲ್ಲ," ಎಂದರು ಅಂಕಲ್. "ಹೋಗುವಾ. ಈಗಲೇ ಹೋಗುವಾ."

ಮಗಳಿಗೆ ಸುಳ್ಳು ಹೇಳಿ, ಮಾತ್ರೆಯ ಡಬ್ಬಿ ಕಟ್ಟಿಕೊಂಡು, ಮೆಲ್ಬರ್ನಿಗೆ ಹೋಗುವ ಹ್ಯೂಮ್ ಹೈವೇಯಲ್ಲಿ ಇಡೀ ಹಗಲು ಕಾರು ಓಡಿಸಿದೆ. ದಾರಿಯಲ್ಲಿ ಎರಡು ಸಲ ಅವರ ತುಟಿ ನೀಲಿಯಾಯಿತು. ವಾಪಸ್ ಹೋಗೋಣ ಅಂಕಲ್ ಎಂದು ನಾನು ಅತ್ತೆ, ಬೈದೆ. ಅವರು ಕಿಟಕಿಯ ಹೊರಗೆ ನೋಡುತ್ತ ಕೂತರು.

ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ ಮಟಿಲ್ಡಾ ನಿಂತಿತ್ತು, ಅರ್ಧ ತುಕ್ಕು, ಅರ್ಧ ಬಣ್ಣ. ಅಂಕಲ್ ಅದರ ಮೂತಿಯ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತರು. ಹತ್ತಲು ಅವರಿಂದ ಆಗಲಿಲ್ಲ. ಸ್ಟೂಲಿನ ಮೇಲೆ ಕೂತು, ಕಾಲ ಬಳಿ ಬೈರಾಸು ಹಾಸಿ, "ಡ್ರೈವರ್ ಸೀಟಿನ ಹಿಂದೆ, ಎಡಬದಿ. ಪಿನ್ನು ತೆಗೆ, ಮುಚ್ಚಳ ಇಡು, ಬೋಲ್ಟು ಬಿಗಿ. ನೋಡು," ಎಂದರು. "ಶೀ ವಿಲ್ ಬಿ ರೈಟ್, ಮೇಟ್," ಎಂದು ರೈತ ಅವರ ಬೆನ್ನು ತಟ್ಟಿದ. ಎಲ್ಲ ಸರಿಹೋಗುತ್ತದೆ ಬಿಡು ಎಂದು ಈ ದೇಶದಲ್ಲಿ ಎಲ್ಲದಕ್ಕೂ ಹೇಳುವ ಆ ಮಾತು ಅಂಕಲ್‌ಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ.

ಕೆಲಸದ ಬಾಯ್ಲರ್ ಸೂಟ್ ಹಾಕಿಕೊಂಡು ಆ ಕಿಂಡಿಯಲ್ಲಿ ಇಳಿದೆ. ಬೋಲ್ಟು ಬಿಚ್ಚಿದೆ. ಕೀಲು ಇತ್ತು, ಪಿನ್ನು ಇತ್ತು, ಅಂಕಲ್ ಬಣ್ಣಿಸಿದ ಹಾಗೇ. ಇಕ್ಕಳದಿಂದ ಪಿನ್ನು ಎಳೆದೆ. ತಾಗು, ತಾಗು ತಾಯಿ ಚಾಮುಂಡಿ, ಎನ್ನುತ್ತ ಮುಚ್ಚಳವನ್ನು ಇಟ್ಟೆ.

ಮುಚ್ಚಳ ಕೂತಿತು. ಅಕ್ಕಿ ಡಬ್ಬಿಯ ಮುಚ್ಚಳದ ಹಾಗೆ ಸಲೀಸಾಗಿ ಕೂತಿತು. ತೆಗೆದು ಮತ್ತೆ ಇಟ್ಟೆ. ಓರೆ ಮಾಡಿ ಇಟ್ಟೆ, ಕೀಲನ್ನು ಮೇಲೆತ್ತಿ ಇಟ್ಟೆ. ಪ್ರತಿ ಸಲವೂ ಕೂತಿತು. ನಾಲ್ಕು ಬೋಲ್ಟೂ ಬಿಗಿದು, ಆ ಹುಡುಗ ಕೂತಿದ್ದಂಥ ಸೀಟಿನಲ್ಲೇ ಕುಸಿದೆ. ಹೊರಗೆ ಅಂಕಲ್ ಕೆಮ್ಮುತ್ತಿದ್ದರು. ಸಾಯುವ ಮುದುಕನಿಗೆ ಇದನ್ನು ಹೇಳಲೇ? ಹೇಳಲಾರೆ ಎಂದುಕೊಂಡೆ.

"ಕೂರಲ್ಲ ಅಂಕಲ್," ಎಂದೆ ಹೊರಗೆ ಬಂದು. "ಪಿನ್ನಿಲ್ದೆ ಮುಚ್ಚಳ ಕೂರೋದೇ ಇಲ್ಲ. ನಿಮ್ಮ ನೆನಪೇ ಸರಿ."

ಅವರ ಕಣ್ಣಿಂದ ನೀರು ಇಳಿಯಿತು. ಮುಷ್ಟಿ ನಿಧಾನವಾಗಿ ಸಡಿಲವಾಯಿತು, ಹೆಬ್ಬೆರಳು ಹೊರಗೆ ಬಂತು. ನಗುತ್ತ, ಅಳುತ್ತ, ಅಭ್ಯಾಸಬಲದಿಂದ ಬೈರಾಸಿನ ಮೇಲೆ ಬಡಿದರು. "ಪಾಕೆಟ್!"

ನಾನೂ ಅಭ್ಯಾಸಬಲದಿಂದ ಬಗ್ಗಿ ಎದೆಯ ಜೇಬು ಮಗುಚಿದೆ. ಪಿನ್ನು ಬೈರಾಸಿನ ಮೇಲೆ ಬಿತ್ತು.

ಒಳಗೆ ಮುಚ್ಚಳ ಭದ್ರವಾಗಿ ಮುಚ್ಚಿತ್ತು, ನಾಲ್ಕು ಬೋಲ್ಟು ಬಿಗಿದ ಸದ್ದು ಅಂಕಲ್‌ಗೂ ಕೇಳಿಸಿತ್ತು. ಸುಳ್ಳು ಹೇಳುವ ಗಡಿಬಿಡಿಯಲ್ಲಿ ಪಿನ್ನು ವಾಪಸ್ ಹಾಕುವುದನ್ನೇ ಮರೆತಿದ್ದೆ. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಂಕಲ್ ಪಿನ್ನನ್ನು ನೋಡಿದರು, ನನ್ನನ್ನು ನೋಡಿದರು. ಹೆಬ್ಬೆರಳು ಒಳಗೆ ಹೋಯಿತು.

"ಹಾಗಾದ್ರೆ ಮುಚ್ಚುತ್ತದೆ," ಎಂದರು. ಪಿನ್ನನ್ನು ಎತ್ತಿ ನನ್ನ ಕೈಯಲ್ಲಿಟ್ಟರು. "ಹೋಗು, ಹಾಕಿ ಬಾ. ನನಗೆ ಆವತ್ತು ಯಾರೂ ಹೇಳ್ಲಿಲ್ಲ, ನಿನಗೆ ಹೇಳ್ಲಿಕ್ಕೆ ನಾನಿದ್ದೇನೆ."

ನಾನು ಒಳಗಿಳಿದು, ಬಿಕ್ಕುತ್ತ, ಪಿನ್ನು ಹಾಕಿ ಎರಡೂ ತುದಿ ಬಗ್ಗಿಸಿ ಬಂದೆ. ಅವರು ಸ್ಟೂಲಿನ ಮೇಲೆ ಮುಖ ಮುಚ್ಚಿಕೊಂಡು, "ನಾನೇ, ಆಗಿರಬಹುದು, ನಾನೇ," ಎನ್ನುತ್ತಿದ್ದರು.

ವಾಪಸ್ ಬರುವಾಗ ಅರ್ಧ ದಾರಿಯ ಆಲ್ಬರಿ ಊರು ದಾಟಿದೆವು. ಕೊನೆಗೆ ನಾನೇ, "ಕ್ಷಮಿಸಿ ಅಂಕಲ್, ಪ್ರೀತಿಗೆ ಹೇಳಿದೆ," ಎಂದೆ.

"ಗೊತ್ತುಂಟು ಮಗಾ. ಆ ಹುಡುಗನಿಗೂ ನಾನು ಹೆಬ್ಬೆರಳು ತೋರಿಸಿದ್ದು ಪ್ರೀತಿಗೇ. ಹೊರಡುವ ಹುಡುಗನಿಗೆ 'ತಡಿ, ಇನ್ನೊಮ್ಮೆ ಬಿಚ್ಚಿ ನೋಡ್ತೇನೆ' ಅಂತ ಹೇಳ್ಲಿಕ್ಕೆ ಮನಸ್ಸು ಬರಲಿಲ್ಲ."

ಆ ಭಾನುವಾರ ಅವರು ಪಾದ್ರಿಯ ಬಳಿ ಹೋದರಂತೆ. ಏನು ಹೇಳಿದರೋ ಕೇಳಲಿಲ್ಲ. ಹಿಂದಿನ ಬೆಂಚಿನಿಂದ ಎದ್ದು, ಗೋಡೆ ಹಿಡಿದು ಪ್ರಸಾದಕ್ಕೆ ಮುಂದೆ ನಡೆದದ್ದನ್ನು ನೋಡಿ ಮಗಳಿಗೆ ಆಶ್ಚರ್ಯವಾಯಿತಂತೆ. ಮೂರು ವಾರಕ್ಕೆ ಲಿವರ್‌ಪೂಲಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೋಗುವ ಹಿಂದಿನ ದಿನ ನಾನು ನೋಡಲು ಹೋಗಿದ್ದೆ. ನಿದ್ದೆಯಲ್ಲಿದ್ದರು. ಬಲಗೈ ಹೊದಿಕೆಯ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು, ಐದೂ ಬೆರಳು. ಪಾಪ ಹಗುರವಾಗಿತ್ತೋ, ಹಿಡಿಯಲು ಶಕ್ತಿ ಇರಲಿಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಎನ್ನುವುದನ್ನು ನಾನು ಬಿಟ್ಟಿದ್ದೇನೆ.

ಅವರ ಬೈರಾಸು ನನ್ನ ಟೂಲ್ ಬ್ಯಾಗಿನಲ್ಲಿದೆ. ಯಾವ ಲಿಫ್ಟಿನ ಮುಚ್ಚಳ ಹಾಕುವ ಮೊದಲೂ ಅದನ್ನು ಹಾಸಿ, ಬಗ್ಗಿ, ಜೇಬು ಮಗುಚುತ್ತೇನೆ. ಜೊತೆಗಾರರು ನಗುತ್ತಾರೆ, ನಗಲಿ. ಇಷ್ಟು ವರ್ಷದಲ್ಲಿ ಎರಡು ಸಲ ಪಿನ್ನು ಬಿದ್ದಿದೆ. ಎರಡು ಸಲವೂ ಹಾಕಿ, ತುದಿ ಬಗ್ಗಿಸಿ, ಆಮೇಲೆ ಮುಚ್ಚಿದೆ. ಆ ಎರಡು ದಿನವೂ ಮಧ್ಯಾಹ್ನ ಆ ಲಿಫ್ಟುಗಳಲ್ಲಿ ಜನ ಹತ್ತಿದರು, ಇಳಿದರು, ಮನೆಗೆ ಹೋದರು. ಅವರಿಗೆ ಅಂಕಲ್ ಯಾರೆಂದು ಗೊತ್ತಿಲ್ಲ.