ಹತ್ತು ಲಕ್ಷದ ಒಂಬತ್ತು

ಮೊನ್ನೆ ಹೆಮ್ಮಾಡಿಯ ರಸ್ತೆ ಬದಿಯಲ್ಲಿ ಸೇವಂತಿಗೆ ಕೊಂಡೆ. ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ, ಸುತ್ತಿದ್ದ ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿ ತುಂಬ ಪೆನ್ಸಿಲಿನಲ್ಲಿ ಬರೆದ ಕನ್ನಡ ಅಂಕಿಗಳು. ಹೂವಿನಕ್ಕನ ಕೈಬರಹ ಅದು...

ಮುಂಬೈಯಲ್ಲಿ ಹುಟ್ಟಿ ಬೆಳೆದ ನಾನು ಮದುವೆಯಾಗಿ ಈ ಊರಿಗೆ ಬಂದಾಗ ಅವರು ನಮ್ಮ ಎದುರು ಮನೆಯವರು. ಇಡೀ ದಿನ ಹೂ ಕಟ್ಟುತ್ತಿದ್ದರು, ಬಾಯಲ್ಲಿ ಭಾಗಾಕಾರ. ನಿನ್ನ ಲೆಕ್ಕದಲ್ಲಿ ಯಾವಾಗಲೂ ಒಂದು ಬಿಟ್ಟುಹೋಗುತ್ತದೆ ಎಂದು ಶಾಲೆಯಲ್ಲಿ ಗಣಿತದ ಮಾಸ್ಟ್ರು ಎಲ್ಲರೆದುರು ಹೇಳಿದ್ದರಂತೆ. ತಲೆ ನರೆತರೂ ಆ ಮಾತು ಅವರನ್ನು ಬಿಟ್ಟಿರಲಿಲ್ಲ.

ಹತ್ತು ಲಕ್ಷದ ಒಂಬತ್ತು ಅವಿಭಾಜ್ಯ ಸಂಖ್ಯೆ, ಒಂದು ಮತ್ತು ಅದೇ ಸಂಖ್ಯೆಯನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗದು ಎಂದು ತೋರಿಸಿ ಆ ಮಾಸ್ಟ್ರಿಗೆ ಬರೆಯಬೇಕು. ಅವರಿಗಿದ್ದದ್ದು ಇದೊಂದೇ ಆಸೆ. ಸಾವಿರದೊಳಗಿನ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡಿದರೆ ಸಾಕು, ಅದರಾಚೆ ಹೋಗಬೇಕಿಲ್ಲ. ಪಟ್ಟಿ ಬರೆದು ಮುಗಿಸುವಷ್ಟರಲ್ಲಿ ಕಣ್ಣಿಗೆ ಪೊರೆ ಬಂತು. ಹಾಗಾಗಿ ನಾನು ಓದಿ ಹೇಳುತ್ತಿದ್ದೆ, ಅವರು ಹೂ ಕಟ್ಟುತ್ತಲೇ ಮನಸ್ಸಿನಲ್ಲಿ ಭಾಗಿಸುತ್ತಿದ್ದರು. ಇಂಗ್ಲಿಷ್ ಅಂಕಿಯಲ್ಲೇ ಕಲಿತ ನನಗೆ ಕನ್ನಡದ ಆರು ಯಾವುದು, ಒಂಬತ್ತು ಯಾವುದು ಎಂಬುದೇ ಗೊಂದಲ. ಬಿ.ಎಸ್ಸಿ. ಎಂಬ ಜಂಬಕ್ಕೇನೂ ಕಡಿಮೆಯಿರಲಿಲ್ಲ. ಒಂದು ಸಂಜೆ, ಇನ್ನೂರ ಅರವತ್ತಮೂರನ್ನು ಎರಡು ಸಲ ಬರೆದಿದ್ದೀರಿ ಎಂದು ಕೆಂಪು ಪೆನ್ನಿನಲ್ಲಿ ಒಂದನ್ನು ಹೊಡೆದುಹಾಕಿದೆ. ಓದಿದವಳು ನೀನು, ನೀನು ಹೇಳಿದ ಮೇಲೆ ಮುಗಿಯಿತು ಎಂದು ನಕ್ಕರು.

ಕೊನೆಯ ಸಂಖ್ಯೆಯಿಂದಲೂ ಭಾಗವಾಗದೆ ಉಳಿದ ದಿನ ಹೂವು, ದಾರ ಕೆಳಗಿಟ್ಟರು.

"ಇದನ್ನ್ ಯಾರಿಗೂ ಒಡೂಕೆ ಆತಿಲ್ಲೆ, ಹೆಣೆ" ಎಂದರು, ಹೆಣ್ಣೇ ಎಂದು ಕರೆಯುವ ಇಲ್ಲಿನ ಸಲಿಗೆಯಲ್ಲಿ.

ಅವರ ಮುಖ ಹಾಗೆ ಅರಳಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಬ್ರಹ್ಮಾವರದಲ್ಲಿದ್ದ ಮಾಸ್ಟ್ರಿಗೆ ಕಾರ್ಡು ಬರೆದವಳು ನಾನು. ಬಂದ ಉತ್ತರವನ್ನು ಓದಿ ಹೇಳಿದವಳೂ ನಾನೇ. ಇನ್ನೂರ ತೊಂಬತ್ತಮೂರನ್ನು ಮೂರು ಸಾವಿರದ ನಾನೂರ ಹದಿಮೂರರಿಂದ ಗುಣಿಸಿ ನೋಡು, ಈಗಲೂ ಒಂದು ಬಿಟ್ಟಿದ್ದೀ. ಅಷ್ಟೇ ಇತ್ತು.

ಅವರು ಅಲ್ಲೇ ಕೂತು ಬಾಯಲ್ಲೇ ಗುಣಿಸಿದರು. ಹತ್ತು ಲಕ್ಷದ ಒಂಬತ್ತೇ ಬಂತು.

"ಅವ್ರ್ ಹೇಳದ್ದ್ ಸಮ. ನನ್ ತಲೆಯೇ ಹಾಂಗೆ."

ಪಟ್ಟಿಯನ್ನು ಮತ್ತೆ ತೆಗೆದು ನೋಡುವ ಬುದ್ಧಿ ನನಗೆ ಬರಲಿಲ್ಲ. ತಪ್ಪು ಅವರದೇ ಎಂದು ನಾನೂ ನಂಬಿದೆ. ಆಮೇಲೆ ಅವರು ಬರೇ ಹೂ ಕಟ್ಟುತ್ತಿದ್ದರು, ಬಾಯಲ್ಲಿ ಲೆಕ್ಕವಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹೋಗಿಬಿಟ್ಟರು... ಈಗ ಹೂ ಮಾರುವವಳು ಅವರ ತಮ್ಮನ ಹೆಂಡತಿ. ಮನೆಯ ಹಳೇ ಕಾಗದವೆಲ್ಲ ಪೊಟ್ಟಣಕ್ಕೆ ಹೋಗುತ್ತದೆ.

ಇಷ್ಟು ವರ್ಷ ಇಲ್ಲಿನ ಕ್ಯಾಲೆಂಡರ್ ನೋಡಿ ನೋಡಿ ಕನ್ನಡ ಅಂಕಿ ನನಗೀಗ ನೀರು ಕುಡಿದಷ್ಟು ಸುಲಭ. ಒದ್ದೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಇನ್ನೂರ ಎಂಬತ್ತಮೂರಾದ ಮೇಲೆ, ನನ್ನ ಕೆಂಪು ಗೀಟಿನ ಅಡಿಯಲ್ಲಿ, ೨೯೩. ಒಂಬತ್ತು ಒಂಬತ್ತಾಗಿಯೇ ಇದೆ, ಯಾರಿಗೂ ತಪ್ಪದ ಹಾಗೆ ದುಂಡಗೆ.

ಹೂವಿನಕ್ಕ ಒಂದನ್ನೂ ಬಿಟ್ಟಿರಲಿಲ್ಲ. ಹೇಳೋಣವೆಂದರೆ ಅವರಿಲ್ಲ, ಮಾಸ್ಟ್ರೂ ಇಲ್ಲ. ತಂದ ಸೇವಂತಿಗೆ ಅಲ್ಲೇ ಮೇಜಿನ ಮೇಲೆ ಬಾಡುತ್ತಿದೆ, ಮುಡಿಯಲು ನನಗೆ ಮುಖವಿಲ್ಲ.